ತೊಟ್ಟಿಯ ಮೇಲೊಂದು ಹಡಗು

ಬೆಲ್ಜಿಯಂಗೆ ಹೋಗಿಬಂದೆ ಎಂದ ಕೂಡಲೇ ನಮ್ಮ ಸ್ಟಾಫ್ ರೂಮಿನಲ್ಲಿ ಮೊದಲು ಕೇಳಿದ್ದು ಚಾಕೊಲೇಟು ತಂದಿರಾ ಎಂದು, ಆಮೇಲೆ ಕೇಳಿದ್ದು ವಜ್ರ ನೋಡಿದಿರಾ ಎಂದು. ಚಾಕೊಲೇಟು ತಂದಿದ್ದೆ, ಹಂಚಿದೆ. ವಜ್ರವನ್ನು ಅಂಗಡಿಯ ಗಾಜಿನಾಚೆಯಿಂದ ನೋಡಿದ್ದೆ, ಅದನ್ನೂ ಹೇಳಿದೆ. ಆದರೆ ಆಂಟ್ವರ್ಪ್ ನಗರದಲ್ಲಿ ನಾನು ಅರ್ಧ ದಿನ ನಿಂತು ನೋಡಿದ್ದು ಒಂದು ಹಳೆಯ ಫೈರ್ ಸ್ಟೇಷನ್ ಎಂದಾಗ ಗಣಿತದ ಮೇಡಂ ನಕ್ಕುಬಿಟ್ಟರು. "ಅದನ್ನ ನೋಡೋಕೆ ಅಷ್ಟು ದೂರ ಹೋಗಬೇಕಿತ್ತೇನ್ರೀ? ನಮ್ಮ ಬಸ್ ಸ್ಟ್ಯಾಂಡ್ ಹಿಂದೇನೇ ಇದೆಯಲ್ಲ!" ಎಂದರು. ಅವರಿಗೆ ಆಗ ಸರಿಯಾಗಿ ಉತ್ತರ ಹೇಳಲಾಗಲಿಲ್ಲ, ಬೆಲ್ ಹೊಡೆಯಿತು. ಈ ಬರಹ ಒಂದು ರೀತಿಯಲ್ಲಿ ಅವರಿಗೇ.

ಮಗಳು ಲೂವೆನ್ ಎಂಬ ಊರಿನಲ್ಲಿ ಕೆಲಸದಲ್ಲಿದ್ದಾಳೆ. ಬೇಸಿಗೆ ರಜದಲ್ಲಿ ನನ್ನನ್ನು ಕರೆಸಿಕೊಂಡಿದ್ದಳು. ಅವಳು ಎಂಜಿನಿಯರು, ಹೊಸದೆಂದರೆ ಪ್ರಾಣ. ನಾನು ಇತಿಹಾಸ ಪಾಠ ಮಾಡುವವಳು. ನನಗೆ ಹಳೆಯದನ್ನು ಮುಟ್ಟಿದರೆ ಸಿಟ್ಟು. ಹೀಗಿರುವ ನಮ್ಮಿಬ್ಬರನ್ನೂ ಒಂದೇ ಜಾಗದಲ್ಲಿ ತೃಪ್ತಿಪಡಿಸುವುದು ಕಷ್ಟ. "ಅಮ್ಮ, ನಿನಗೂ ನನಗೂ ಜಗಳ ಹತ್ತಿಸೋ ಒಂದು ಕಟ್ಟಡ ಇದೆ, ಬಾ" ಎಂದು ಒಂದು ಶನಿವಾರ ಹೊರಡಿಸಿದಳು.

ಟ್ರಾಮ್ ಇಳಿದು ತಲೆಯೆತ್ತಿದಾಗ ಕಂಡದ್ದನ್ನು ಹೇಗೆ ಹೇಳಲಿ! ಕೆಳಗೆ ಕಲ್ಲು ಇಟ್ಟಿಗೆಯ ಗಂಭೀರವಾದ ಚೌಕದ ಕಟ್ಟಡ, ಸಾಲು ಕಿಟಕಿಗಳು, ಇಳಿಜಾರು ಮಾಡು. ಅರಮನೆಯೋ ಹಳೆಯ ಕಾಲದ ಕಚೇರಿಯೋ ಎನ್ನುವ ಹಾಗಿದೆ. ಅದರ ನೆತ್ತಿಯ ಮೇಲೆ, ಗಾಳಿಯಲ್ಲಿ, ಗಾಜಿನ ಒಂದು ದೊಡ್ಡ ಹಡಗು! ಹಡಗಿನ ಮೂತಿ ಒಂದು ಕಡೆ ಚಾಚಿಕೊಂಡಿದೆ. ನೂರು ಮೀಟರಿಗೂ ಹೆಚ್ಚು ಉದ್ದ, ನೆಲದಿಂದ ತುದಿಗೆ ಸುಮಾರು 46 ಮೀಟರು. ತ್ರಿಕೋನ ತ್ರಿಕೋನವಾದ ಗಾಜುಗಳು ಮೋಡದ ಬಣ್ಣಕ್ಕೆ ತಿರುಗುತ್ತಾ ಮಿನುಗುತ್ತವೆ. ಸುತ್ತಲೂ ನೀರು. ನೋಡಿದ ಕೂಡಲೇ ನನಗೆ ಬಂದ ಮಾತು ಇದು: "ಅಯ್ಯೋ, ಪಾಪ, ಆ ಕೆಳಗಿನದು!"

ಮಗಳು "ನೋಡು, ಶುರು ಮಾಡಿದೆ" ಎಂದಳು.

ಇದಕ್ಕೆ ಹಾವೆನ್‌ಹೌಸ್ ಎಂದು ಹೆಸರು, ಬಂದರಿನ ಮನೆ ಎಂದರ್ಥ. ಆಂಟ್ವರ್ಪ್ ಬಂದರಿನ ಆಡಳಿತ ಕಚೇರಿ ಇದು. ಯೂರೋಪಿನಲ್ಲಿ ರಾಟರ್‌ಡ್ಯಾಮ್ ಬಿಟ್ಟರೆ ಇದೇ ದೊಡ್ಡ ಬಂದರು. 2022ರಲ್ಲಿ ಜೇಬ್ರೂಗೆ ಬಂದರಿನ ಜೊತೆ ಒಂದಾಗಿ ಈಗ ಆಂಟ್ವರ್ಪ್-ಬ್ರೂಜ್ ಬಂದರು ಎಂದು ಕರೆಸಿಕೊಳ್ಳುತ್ತದೆ. ಕೆಳಗಿನ ಕಟ್ಟಡ 1922ರ ವಿನ್ಯಾಸದ ಅಗ್ನಿಶಾಮಕ ಠಾಣೆ. ಮೇಲಿನದು 2016ರದು. ಮೇಲಿನದರ ಕಥೆಗೆ ಆಮೇಲೆ ಬರುತ್ತೇನೆ. ಕೆಳಗಿನದರ ಕಥೆ ಅಗೆಯುತ್ತಾ ಹೋದರೆ 1922ಕ್ಕೆ ನಿಲ್ಲುವುದಿಲ್ಲ, ನಾನೂರೈವತ್ತು ವರ್ಷ ಹಿಂದಕ್ಕೆ ಎಳೆದುಕೊಂಡು ಹೋಗುತ್ತದೆ.

ಹತ್ತನೇ ತರಗತಿ ಮಕ್ಕಳಿಗೆ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದಿಳಿದದ್ದನ್ನು ವರ್ಷವರ್ಷವೂ ಪಾಠ ಮಾಡುತ್ತೇನೆ. 1498 ಎಂದು ಮಕ್ಕಳು ಒಂದೇ ಉಸಿರಿಗೆ ಹೇಳುತ್ತಾರೆ. ನಮ್ಮ ಕರಾವಳಿಯಿಂದ ಹೊರಟ ಮೆಣಸು ಲಿಸ್ಬನ್ ತಲುಪಿದ ಮೇಲೆ ಎಲ್ಲಿಗೆ ಹೋಯಿತು ಎಂದು ಮಾತ್ರ ಯಾವ ಮಗುವೂ ಕೇಳಿದ್ದಿಲ್ಲ, ನಾನೂ ಹೇಳಿದ್ದಿಲ್ಲ. ಅದು ಹೋದದ್ದು ಈ ಊರಿಗೆ. 1501ರಲ್ಲಿ ಪೋರ್ಚುಗೀಸರ ಮೆಣಸಿನ ಮೊದಲ ಹಡಗು ಶೆಲ್ಡ್ ನದಿಯಲ್ಲಿ ಹತ್ತಿ ಆಂಟ್ವರ್ಪಿಗೆ ಬಂತು. ಆಮೇಲಿನ ಐವತ್ತು ಅರವತ್ತು ವರ್ಷ ಈ ಊರಿನ ಭಾಗ್ಯವೇ ಭಾಗ್ಯ. ಉತ್ತರ ಯೂರೋಪಿನ ವ್ಯಾಪಾರವೆಲ್ಲ ಇಲ್ಲಿಗೆ ಹರಿಯಿತು. ಅದುವರೆಗೆ ಬ್ರೂಜ್ ಪಟ್ಟಣದಲ್ಲಿ ಬಿಡಾರ ಹೂಡಿದ್ದ ವರ್ತಕರು, ಅಲ್ಲಿಯ ಕಾಲುವೆಯಲ್ಲಿ ಹೂಳು ತುಂಬಿ ಹಡಗು ಬರದಂತಾದಾಗ, ಗಂಟುಮೂಟೆ ಕಟ್ಟಿಕೊಂಡು ಇಲ್ಲಿಗೆ ಬಂದರು.

ಹಾಗೆ ಬಂದವರಲ್ಲಿ ಹಾನ್ಸಾ ಕೂಟದವರೂ ಇದ್ದರು. ಲ್ಯೂಬೆಕ್, ಹ್ಯಾಂಬರ್ಗ್, ಬ್ರೆಮೆನ್, ಕೊಲೋನ್ ಮುಂತಾದ ಜರ್ಮನ್ ಪಟ್ಟಣಗಳ ವರ್ತಕರ ಸಂಘ ಅದು. ಪೂರ್ವದಿಂದ ಬಂದವರು ಎಂಬ ಅರ್ಥದಲ್ಲಿ ಊರಿನವರು ಅವರನ್ನು ಊಸ್ಟರ್‌ಲಿಂಗರು ಎನ್ನುತ್ತಿದ್ದರು. 1564ರಿಂದ 1568ರವರೆಗೆ ನಾಲ್ಕು ವರ್ಷ ಹಿಡಿದು ಅವರೊಂದು ಭಾರಿ ಮನೆ ಕಟ್ಟಿಸಿದರು. ಕೆಳಗೆ ಉಗ್ರಾಣ, ಮೇಲೆ ವರ್ತಕರ ವಾಸದ ಕೋಣೆಗಳು, ನಡುವೆ ಅಂಗಳ, ತಲೆಯ ಮೇಲೆ ಗೋಪುರ. ಕಟ್ಟಿದವನು ಕಾರ್ನೆಲಿಸ್ ಫ್ಲೋರಿಸ್. ಆಂಟ್ವರ್ಪಿನ ನಗರ ಸಭಾಭವನವನ್ನು ಕಟ್ಟಿದವನೂ ಅವನೇ. ಆ ಸಭಾಭವನ ಇವತ್ತಿಗೂ ನಿಂತಿದೆ.

ಆದರೆ ಮದುವೆ ಮುಗಿದ ಮೇಲೆ ಚಪ್ಪರ ಹಾಕಿದ ಹಾಗಾಯಿತು ಆ ವರ್ತಕರ ಗತಿ. ಮನೆ ಏಳುತ್ತಿದ್ದಾಗಲೇ ದೇಶದಲ್ಲಿ ಮತದ ಜಗಳ ಹತ್ತಿಕೊಂಡಿತ್ತು. 1566ರಲ್ಲಿ ಚರ್ಚುಗಳ ವಿಗ್ರಹಗಳನ್ನು ಒಡೆದರು. 1576ರಲ್ಲಿ ಸಂಬಳ ಸಿಗದ ಸ್ಪೇನಿನ ಸೈನಿಕರು ಊರನ್ನು ಲೂಟಿ ಮಾಡಿ ಸಾವಿರಾರು ಜನರನ್ನು ಕೊಂದರು. 1585ರಲ್ಲಿ ಊರು ಸ್ಪೇನಿಗೆ ಸೋತ ಮೇಲೆ ಡಚ್ಚರು ಕೆಳಗಡೆ ನದಿಯ ಬಾಯನ್ನೇ ಕಟ್ಟಿಬಿಟ್ಟರು. ಸಮುದ್ರವೇ ಮುಚ್ಚಿದ ಮೇಲೆ ಬಂದರಿಗೇನು ಕೆಲಸ? ಎರಡು ಶತಮಾನ ಆಂಟ್ವರ್ಪ್ ಹಾಗೆಯೇ ಮಲಗಿತು. ಹಾನ್ಸಾ ಮನೆ ವರ್ತಕರಿಲ್ಲದೆ ಬಣಗುಟ್ಟಿತು. ನೆಪೋಲಿಯನ್ 1803ರಲ್ಲಿ ಬಂದು, ಇಂಗ್ಲೆಂಡಿಗೆ ಎದುರಾಗಿ ನೌಕಾಪಡೆ ಕಟ್ಟಲು ಇದೇ ಜಾಗ ಎಂದು ನಿರ್ಧರಿಸಿ, ಎರಡು ಡಾಕ್ ತೋಡಿಸಿದ. ಡಾಕ್ ಎಂದರೆ ನದಿಯ ನೀರನ್ನು ಒಳಕ್ಕೆ ತಂದು ಹಡಗು ನಿಲ್ಲಿಸಲು ಕಟ್ಟಿದ ಕಲ್ಲಿನ ಕೊಳ. ಹಾನ್ಸಾ ಮನೆ ಈ ಎರಡು ಕೊಳಗಳ ನಡುವೆ ಉಳಿಯಿತು. ಅಂತೂ ಮತ್ತೆ ಹಡಗು ಕಂಡಿತು.

1893ರಲ್ಲಿ ಅದು ಬೆಂಕಿಗೆ ಸಿಕ್ಕಿ ಸುಟ್ಟುಹೋಯಿತು.

ಈ ಸಾಲನ್ನು ಓದಿದವರು ಒಂದು ಕ್ಷಣ ನಿಲ್ಲಬೇಕು. ಏಕೆಂದರೆ ಮೂವತ್ತು ವರ್ಷದ ನಂತರ ಬಂದರಿಗೊಂದು ಅಗ್ನಿಶಾಮಕ ಠಾಣೆ ಬೇಕಾದಾಗ ನಗರದ ವಾಸ್ತುಶಿಲ್ಪಿ ಎಮಿಲ್ ವಾನ್ ಆವರ್‌ಬೆಕೆ ಅದಕ್ಕೆ ಆರಿಸಿಕೊಂಡದ್ದು ಬೆಂಕಿಯಲ್ಲಿ ಹೋದ ಅದೇ ಹಾನ್ಸಾ ಮನೆಯ ರೂಪವನ್ನು! ಜಾಗ ಬೇರೆ, ಇನ್ನೂ ಉತ್ತರಕ್ಕೆ, ಕಾಟೆನ್‌ಡೈಕ್ ಡಾಕಿನ ಪಕ್ಕದಲ್ಲಿ. ಆದರೆ ಅದೇ ಚೌಕ, ಅದೇ ನಡು ಅಂಗಳ, ಅದೇ ಸಾಲು ಕಿಟಕಿ. ಬೆಂಕಿಗೆ ಬಲಿಯಾದ ಮನೆಯನ್ನು ಬೆಂಕಿ ಆರಿಸುವವರಿಗಾಗಿ ಮತ್ತೆ ಕಟ್ಟಿದರು. ಸತ್ತ ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುವವರು ನಾವೊಬ್ಬರೇ ಎಂದುಕೊಂಡಿದ್ದೆ.

ಒಂದು ಮಾತ್ರ ಬಿಟ್ಟುಹೋಯಿತು. ಗೋಪುರ. ವಾನ್ ಆವರ್‌ಬೆಕೆಯ ಯೋಜನೆಯಲ್ಲಿ ಅದೂ ಇತ್ತು, ಕಟ್ಟಲಿಲ್ಲ ಅಷ್ಟೆ. ಠಾಣೆ ಗೋಪುರವಿಲ್ಲದೆ, ಕಳಶವಿಡದ ದೇವಸ್ಥಾನದಂತೆ ನಿಂತಿತು. ಅದೇ ವಾನ್ ಆವರ್‌ಬೆಕೆ ಮುಂದೆ ಇನ್ನಿಬ್ಬರ ಜೊತೆ ಸೇರಿ ಇದೇ ಊರಿನ ನಡುವೆ 1932ಕ್ಕೆ ಮುಗಿದ ಬೂರೆನ್‌ಟೋರೆನ್ ಎಂಬ ಎತ್ತರದ ಗೋಪುರ ಕಟ್ಟಡದಲ್ಲಿ ಕೈಯಿಟ್ಟ. ಯೂರೋಪಿನ ಮೊದಲ ಗಗನಚುಂಬಿ ಎಂದು ಅದನ್ನು ಆ ಊರಿನವರು ಹೆಮ್ಮೆಯಿಂದ ತೋರಿಸುತ್ತಾರೆ. ಇಲ್ಲಿ ತಪ್ಪಿದ್ದನ್ನು ಅಲ್ಲಿ ತೀರಿಸಿಕೊಂಡನೇನೋ ಎಂದು ನನಗೆ ಅನ್ನಿಸಿತು. ಮಗಳು ಇದಕ್ಕೆ ಆಧಾರವಿಲ್ಲ ಎಂದಳು. ಇಲ್ಲ, ಒಪ್ಪುತ್ತೇನೆ.

ಇನ್ನು ಹಳೆಯ ಹಾನ್ಸಾ ಮನೆ ಸುಟ್ಟ ಜಾಗದಲ್ಲಿ ಈಗೇನಿದೆ? 2011ರಲ್ಲಿ ತೆರೆದ ಮಾಸ್ ಎಂಬ ವಸ್ತುಸಂಗ್ರಹಾಲಯ, 60 ಮೀಟರ್ ಎತ್ತರದ್ದು. ಅದರ ಹೊರಮೈಗೆ ಹಚ್ಚಿರುವ ಕೆಂಪು ಮರಳುಗಲ್ಲು ನಮ್ಮ ಭಾರತದ್ದು. ಮೆಣಸು ಹೋದ ದಾರಿಯಲ್ಲೇ ಕಲ್ಲೂ ಹೋಗಿದೆ. ನಾನು ಹತ್ತಿರ ಹೋಗಿ ಮುಟ್ಟಿ ನೋಡಿದೆ. ಬಿಸಿಲಿಗೆ ಬೆಚ್ಚಗಿತ್ತು.

ಬಂದರು ಬೆಳೆದ ಹಾಗೆ ಅಗ್ನಿಶಾಮಕ ದಳಕ್ಕೆ ಹೊಸ ಠಾಣೆ ಬೇಕಾಯಿತು. ಹೊಸದು ಬಂತು, ಹಳೆಯದು ಕೆಲಸವಿಲ್ಲದೆ ಉಳಿಯಿತು. ಅದು ಸಂರಕ್ಷಿತ ಕಟ್ಟಡವಾದ್ದರಿಂದ ಕೆಡವುವ ಹಾಗಿಲ್ಲ. ಇತ್ತ ಬಂದರಿನ ಕಚೇರಿ, 1990ರ ದಶಕದಲ್ಲಿ ಕಟ್ಟಿದ್ದು, ಇಕ್ಕಟ್ಟಾಗಿತ್ತು. ಬೇರೆಬೇರೆ ಕಡೆ ಹಂಚಿಹೋಗಿದ್ದ ಸುಮಾರು 500 ನೌಕರರನ್ನು ಒಂದೇ ಸೂರಿನಡಿ ತರಬೇಕೆಂದು 2007ರಲ್ಲಿ ಆಲೋಚಿಸಿದಾಗ ಈ ಖಾಲಿ ಠಾಣೆ ಕಣ್ಣಿಗೆ ಬಿತ್ತು. ವಾಸ್ತುಶಿಲ್ಪಿಗಳ ಸ್ಪರ್ಧೆ ನಡೆಸಿದರು. ಷರತ್ತು ಒಂದೇ: ಹಳೆಯ ಕಟ್ಟಡ ಉಳಿಯಬೇಕು. ಕೊನೆಯ ಸುತ್ತಿಗೆ ಬಂದವರು ಐದು ತಂಡ. ಯಾರೂ ಹೇಳಿಕೊಡದಿದ್ದರೂ ಐದೂ ತಂಡಗಳು ಹಳೆಯದರ ಮೇಲೆಯೇ ಹೊಸದನ್ನು ಏರಿಸುವ ನಕ್ಷೆ ತಂದವಂತೆ. ಗೆದ್ದದ್ದು ಜಹಾ ಹದೀದ್ ಅವರ ಕಚೇರಿ.

ಜಹಾ ಹದೀದ್ ಹೆಸರನ್ನು ನಮ್ಮ ಓದುಗರಲ್ಲಿ ಕೆಲವರಾದರೂ ಕೇಳಿರಬಹುದು. 1950ರಲ್ಲಿ ಬಾಗ್ದಾದಿನಲ್ಲಿ ಹುಟ್ಟಿದ ಹೆಣ್ಣುಮಗಳು. ಬೈರೂತಿನಲ್ಲಿ ಗಣಿತ ಓದಿ (ಗಣಿತದ ಮೇಡಂ ಗಮನಿಸಬೇಕು), 1972ರಲ್ಲಿ ಲಂಡನ್ನಿಗೆ ಬಂದು ವಾಸ್ತುಶಿಲ್ಪ ಕಲಿತರು. 1983ರಲ್ಲಿ ಹಾಂಗ್‌ಕಾಂಗಿನ ಬೆಟ್ಟದ ಮೇಲಿನ ಒಂದು ಕಟ್ಟಡದ ಸ್ಪರ್ಧೆ ಗೆದ್ದು ಹೆಸರಾದರು, ಆದರೆ ಆ ಕಟ್ಟಡ ಏಳಲೇ ಇಲ್ಲ. ಮುಂದೆ 1994ರಲ್ಲಿ ವೇಲ್ಸಿನ ಕಾರ್ಡಿಫ್‌ನಲ್ಲಿ ಆಪೆರಾ ಮಂದಿರದ ಸ್ಪರ್ಧೆ ಗೆದ್ದರು, ಅದೂ ಏಳಲಿಲ್ಲ. ಕಾಗದದ ಮೇಲೆ ಮಾತ್ರ ಕಟ್ಟುವವಳು ಎಂದು ಗಂಡಸರು ಆಡಿಕೊಂಡರು. ಹೆಣ್ಣು, ಪರದೇಶದವಳು, ಅದೂ ಅರಬ್ಬರವಳು, ಸಾಲದ್ದಕ್ಕೆ ಬಾಯಿ ಜೋರು. ಯಾರು ತಾನೇ ಇಟ್ಟಿಗೆ ಸಿಮೆಂಟು ಕೈಗೆ ಕೊಟ್ಟಾರು?

ಕೊಟ್ಟದ್ದು ಜರ್ಮನಿಯ ಗಡಿಯ ವೈಲ್ ಆಮ್ ರೈನ್ ಎಂಬ ಊರಿನ ವಿತ್ರಾ ಎಂಬ ಕುರ್ಚಿ ಮೇಜುಗಳ ಕಂಪನಿ. 1981ರಲ್ಲಿ ಆ ಕಾರ್ಖಾನೆಗೆ ದೊಡ್ಡ ಬೆಂಕಿ ಬಿದ್ದು ಬಹುಭಾಗ ನಾಶವಾಗಿತ್ತು. ಮತ್ತೆ ಕಟ್ಟುವಾಗ ತಮ್ಮದೇ ಒಂದು ಅಗ್ನಿಶಾಮಕ ಠಾಣೆ ಇರಲಿ ಎಂದರು. ಅದನ್ನು ಹದೀದ್ ಅವರಿಗೆ ವಹಿಸಿದರು. 1993ರಲ್ಲಿ ಮುಗಿದ ಆ ಠಾಣೆಯೇ ಅವರ ಪೂರ್ತಿಯಾದ ಮೊದಲ ಕಟ್ಟಡ. ಆಗ ಅವರಿಗೆ ನಲವತ್ತೆರಡು. ಕಾಂಕ್ರೀಟಿನ ಚೂಪಾದ ಗೋಡೆಗಳು, ಓಡಲು ಸಜ್ಜಾಗಿ ನಿಂತವನ ಹಾಗೆ. ಕೆಲವೇ ವರ್ಷಗಳಲ್ಲಿ ಆ ಭಾಗದ ಅಗ್ನಿಶಾಮಕ ವ್ಯವಸ್ಥೆ ಬದಲಾಗಿ ಕಂಪನಿಗೆ ತನ್ನ ಸ್ವಂತ ದಳ ಬೇಡವಾಯಿತು. ಕೆಂಪು ಗಾಡಿಗಳು ಹೊರಟುಹೋದವು. ಠಾಣೆಯಲ್ಲಿ ಕುರ್ಚಿಗಳ ಪ್ರದರ್ಶನ ಇಟ್ಟರು. ಮೊದಲ ಮಗುವಿಗೇ ಹೀಗಾಯಿತಲ್ಲ ಎಂದು ನಾನಾದರೆ ಅಳುತ್ತಿದ್ದೆ. ಹದೀದ್ ಮುಂದೆ ನಡೆದರು. 2004ರಲ್ಲಿ ಪ್ರಿಟ್ಸ್‌ಕರ್ ಪ್ರಶಸ್ತಿ ಬಂತು. ವಾಸ್ತುಶಿಲ್ಪಕ್ಕೆ ಅದೇ ನೊಬೆಲ್ ಇದ್ದ ಹಾಗೆ. ಅದನ್ನು ಪಡೆದ ಮೊದಲ ಹೆಂಗಸು ಅವರು.

ಹೀಗೆ ಫೈರ್ ಸ್ಟೇಷನ್ನಿನಿಂದ ಆರಂಭಿಸಿದವರ ಕೈಗೆ ಕೊನೆಯಲ್ಲಿ ಬಂದದ್ದೂ ಫೈರ್ ಸ್ಟೇಷನ್ನೇ. ಅದೂ ತಮ್ಮ ಮೊದಲನೆಯದರ ಹಾಗೆ ಕೆಲಸ ಕಳೆದುಕೊಂಡದ್ದು.

ಒಂದು ಮನೆಗೆ ಭಾಗ ಸೇರಿಸುವುದೆಂದರೆ ಎಷ್ಟು ಕಷ್ಟ ಎನ್ನುವುದನ್ನು ಮನೆ ನಡೆಸಿದ ಹೆಂಗಸರಿಗೆ ಹೇಳಿಕೊಡಬೇಕಾಗಿಲ್ಲ. ಪಕ್ಕಕ್ಕೆ ಸೇರಿಸಿದರೆ ಒಂದು ಕಡೆಯ ಕಿಟಕಿ ಮುಚ್ಚುತ್ತದೆ. ಹಿಂದಕ್ಕೆ ಸೇರಿಸಿದರೆ ಬಾವಿಕಟ್ಟೆ ಹೋಗುತ್ತದೆ. ಈ ಠಾಣೆಗೂ ಅದೇ ತೊಡಕು. ಸುತ್ತಲೂ ನೀರಾದ್ದರಿಂದ ನಾಲ್ಕು ಕಡೆಯಿಂದಲೂ ಕಾಣುತ್ತದೆ, ಇಂಥದ್ದೇ ಮುಂಭಾಗ ಎಂದಿಲ್ಲ. ಪಕ್ಕದಲ್ಲಿ ಕಟ್ಟಿದ್ದರೆ ಯಾವುದಾದರೂ ಒಂದು ಮುಖ ಮುಚ್ಚಿಹೋಗುತ್ತಿತ್ತು. ಹದೀದ್ ಅವರ ಜೊತೆಗಿದ್ದ ಪಾರಂಪರಿಕ ಕಟ್ಟಡಗಳ ತಜ್ಞರು ಹಳೆಯ ದಾಖಲೆಗಳನ್ನು ತಿರುವಿಹಾಕಿದಾಗ ಸಿಕ್ಕಿದ್ದು ಕಟ್ಟದೇ ಬಿಟ್ಟ ಗೋಪುರದ ಸಂಗತಿ. ಈ ಮನೆ ಮೊದಲಿನಿಂದಲೂ ಮೇಲಕ್ಕೇನೋ ಒಂದನ್ನು ಬಯಸುತ್ತಿತ್ತು ಎಂದು ಅವರು ವಾದಿಸಿದರು. ಎತ್ತರಕ್ಕೆ ಏರುವ ಗೋಪುರದ ಬದಲು ಅಡ್ಡಕ್ಕೆ ಮಲಗಿದ ಹಡಗು ಬಂತು. ಮೂತಿ ಶೆಲ್ಡ್ ನದಿಯ ಕಡೆಗೆ.

ಈ ಗೋಪುರದ ಮಾತು ತಿಳಿದಾಗ ನನ್ನ ಸಿಟ್ಟು ಅರ್ಧ ಇಳಿಯಿತು. ಪೂರ್ತಿ ಇಳಿಯಲಿಲ್ಲ. ಆ ಹಡಗು ಎಲ್ಲಿಯ ಗೋಪುರ? ವಕೀಲರು ಹಳೆಯ ಪತ್ರವೊಂದನ್ನು ಹುಡುಕಿ ತೆಗೆದು ತಮಗೆ ಬೇಕಾದ ಅರ್ಥ ಮಾಡಿದ ಹಾಗಿದೆ ಎಂದು ಮಗಳಿಗೆ ಹೇಳಿದೆ. ಕಟ್ಟಡ ತೆರೆದಾಗ ಇಂಗ್ಲಿಷ್ ಪತ್ರಿಕೆಗಳ ವಿಮರ್ಶಕರಲ್ಲೂ ಕೆಲವರು, ಹೊಸದು ಹಳೆಯದನ್ನು ತುಳಿಯುತ್ತಿದೆ ಎಂದು ಬರೆದರಂತೆ. ಮಗಳು ಮಾತಾಡದೆ ನನ್ನನ್ನು ಒಳಗೆ ಕರೆದುಕೊಂಡು ಹೋದಳು. ಮೊದಲೇ ಹೆಸರು ಕೊಟ್ಟಿದ್ದಳು, ಒಬ್ಬ ಮಾರ್ಗದರ್ಶಿಯ ಜೊತೆ ಹತ್ತು ಹದಿನೈದು ಜನ ಒಳಹೊಕ್ಕೆವು.

ಹೊಸ್ತಿಲು ದಾಟಿ ಒಳಗೆ ಕಾಲಿಟ್ಟವಳು ಅಲ್ಲೇ ನಿಂತುಬಿಟ್ಟೆ.

ತೊಟ್ಟಿ! ನಾಲ್ಕೂ ಕಡೆ ಮನೆ, ನಡುವೆ ಅಂಗಳ, ಸುತ್ತಲಿನ ಕಿಟಕಿಗಳೆಲ್ಲ ಅಂಗಳಕ್ಕೆ ಮುಖ ಮಾಡಿವೆ. ಹಿಂದೆ ಆಕಾಶಕ್ಕೆ ತೆರೆದಿದ್ದ ಅಂಗಳಕ್ಕೆ ಈಗ ಗಾಜಿನ ಮಾಡು ಹೊದಿಸಿ, ಬಂದವರನ್ನು ಬರಮಾಡಿಕೊಳ್ಳುವ ಹಜಾರ ಮಾಡಿದ್ದಾರೆ. ಆ ಅಂಗಳದ ಒಳಗೇ ಹಡಗಿನ ಒಂದು ಕಾಂಕ್ರೀಟಿನ ಕಾಲು ಇಳಿದು ನೆಲಕ್ಕೆ ನಾಟಿಕೊಂಡಿದೆ. ಅದರ ಹೊಟ್ಟೆಯೊಳಗೆ ಲಿಫ್ಟು, ಮೆಟ್ಟಿಲು. ಇನ್ನೊಂದು ಕಾಲು ಕಟ್ಟಡದಾಚೆ, ಓರೆಯಾಗಿ ನಿಂತಿದೆ. ಹಡಗಿನ ಭಾರವೆಲ್ಲ ಕಾಲುಗಳ ಮೇಲೆ. ಹಳೆಯ ಗೋಡೆಗಳ ಮೇಲೆ ಅದು ಕೂತಿಲ್ಲ.

"ಅಂದರೆ ಹಳೇ ಗೋಡೆ ಏನನ್ನೂ ಹೊರುತ್ತಿಲ್ಲವೇ?" ಎಂದು ಮಗಳನ್ನು ಮೂರು ಸಲ ಕೇಳಿದೆ. ಅವಳಿಗೆ ಗೊತ್ತಿತ್ತು ನಾನು ಏಕೆ ಕೇಳುತ್ತಿದ್ದೇನೆಂದು. ನನ್ನ ಕೈ ಹಿಡಿದುಕೊಂಡಳು.

ನಮ್ಮ ಮಾವನವರ ತಂದೆ ಕಟ್ಟಿಸಿದ ಮನೆಯೂ ತೊಟ್ಟಿ ಮನೆಯೇ. ಎರಡು ಅಡಿ ದಪ್ಪದ ಮಣ್ಣಿನ ಗೋಡೆ, ಹಲಸಿನ ಮರದ ಎಂಟು ಕಂಬ, ನಾಡಹೆಂಚು. ತೊಟ್ಟಿಯ ನಡುವೆ ತುಳಸಿಕಟ್ಟೆ. ನಾನು ಸೊಸೆಯಾಗಿ ಬಂದು ಹನ್ನೆರಡು ವರ್ಷ ಆ ಮನೆಯಲ್ಲಿ ಬಾಳಿದೆ. 2006ರಲ್ಲಿ ಮೈದುನನ ಸಂಸಾರ ದೊಡ್ಡದಾಗಿ, ಮೇಲೊಂದು ಅಂತಸ್ತು ಏರಿಸೋಣ ಎಂಬ ಮಾತು ಬಂತು. ಕರೆಸಿದ ಎಂಜಿನಿಯರು ಕೀಲಿಕೈಯಿಂದ ಗೋಡೆಯನ್ನು ಕೆರೆದು, ಉದುರಿದ ಮಣ್ಣನ್ನು ತೋರಿಸಿ, "ಇದು ತನ್ನ ಭಾರ ಹೊತ್ತಿರೋದೇ ಹೆಚ್ಚು, ಕೆಡವಿಬಿಡಿ" ಎಂದರು. ಐದು ನಿಮಿಷದ ಮಾತು. ಎಪ್ಪತ್ತು ವರ್ಷದ ಮನೆಯನ್ನು ಒಂದು ಕೀಲಿಕೈಯಲ್ಲಿ ತೀರ್ಮಾನಿಸಿದರು. ಗೋಡೆಗೆ ಭಾರ ಕೊಡದೆ ಬೇರೆ ಕಂಬ ನಿಲ್ಲಿಸಬಹುದೇ ಎಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ಹೊಳೆದಿದ್ದರೂ ಆಡುತ್ತಿದ್ದೆನೋ ಇಲ್ಲವೋ, ಗಂಡಸರು ಕೂತು ಮಾತಾಡುವಾಗ ಕಾಫಿ ಲೋಟ ತೆಗೆದುಕೊಂಡು ಒಳಗೆ ಹೋಗುವುದು ಅಭ್ಯಾಸ. ಜೆಸಿಬಿ ಬಂದು ಎರಡೇ ದಿನದಲ್ಲಿ ಮುಗಿಸಿತು. ಅತ್ತೆ ಆ ಎರಡು ದಿನ ತಮ್ಮ ತಂಗಿಯ ಮನೆಗೆ ಹೋಗಿದ್ದರು. ಈಗ ಅಲ್ಲಿ ಎರಡು ಅಂತಸ್ತಿನ ಎರಡು ಮನೆ, ಮಧ್ಯೆ ಕಾಂಪೌಂಡು. ಎಂಟು ಕಂಬಗಳಲ್ಲಿ ಒಂದು ನನ್ನ ಹಾಲಿನಲ್ಲಿದೆ, ಅದರ ಮೇಲೆ ಟೆಲಿಫೋನ್ ಇಟ್ಟಿದ್ದೆವು. ಟೆಲಿಫೋನ್ ಹೋಯಿತು, ಈಗ ಹೂದಾನಿ.

ಮಗಳು ಎಂಜಿನಿಯರಾಗಿ ಹೇಳಿದಳು: ಹಾಗೆ ಬೇರೆ ಕಂಬ ನಿಲ್ಲಿಸುವುದು ಸುಲಭವಲ್ಲ, ತುಂಬಾ ದುಡ್ಡಾಗುತ್ತದೆ. ಈ ಬಂದರಿನವರಿಗೆ ಒಟ್ಟು ಸುಮಾರು ಐದೂವರೆ ಕೋಟಿ ಯೂರೋ ಖರ್ಚಾಗಿದೆ. "ನಮಗೆ ಎಲ್ಲಿಂದ ಬರಬೇಕಿತ್ತಮ್ಮ?" ಎಂದಳು. ಸರಿಯೇ. ಆದರೆ ದುಡ್ಡಿಲ್ಲದೆ ಕೆಡವುವುದು ಬೇರೆ, ದಾರಿಯೇ ಇಲ್ಲವೆಂದು ತಿಳಿದು ಕೆಡವುವುದು ಬೇರೆ. ಮೊದಲನೆಯದರಲ್ಲಿ ದುಃಖವಿದ್ದರೂ ಅದೊಂದು ಲೆಕ್ಕ. ಎರಡನೆಯದು ಹದಿನೆಂಟು ವರ್ಷದ ಮೇಲೆ ಪರದೇಶದ ಯಾವುದೋ ಅಂಗಳದಲ್ಲಿ ಬಂದು ಚುಚ್ಚುತ್ತದೆ.

ಮಾರ್ಗದರ್ಶಿ ಮುಂದೆ ಹೋಗಿದ್ದರು, ನಾವು ಹಿಂದೆ ಓಡಿದೆವು. ಬೆಂಕಿ ಆರಿಸುವ ಗಾಡಿಗಳನ್ನು ನಿಲ್ಲಿಸುತ್ತಿದ್ದ ದೊಡ್ಡ ಹಜಾರ ಈಗ ವಾಚನಾಲಯ. ಗಂಟೆ ಹೊಡೆದರೆ ಬೂಟುಕಾಲಿನಲ್ಲಿ ಓಡುತ್ತಿದ್ದ ಜಾಗದಲ್ಲಿ ಪುಸ್ತಕಗಳು. ಇದು ನನಗೆ ಬಹಳ ಹಿಡಿಸಿತು. ಶಾಲೆಯ ಲೈಬ್ರರಿಗೆ ಒಂದು ಕೋಣೆ ಕೊಡಿ ಎಂದು ಎಷ್ಟು ವರ್ಷದಿಂದ ಅರ್ಜಿ ಕೊಡುತ್ತಿದ್ದೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಗಾಜಿನ ಗೋಡೆಯ ಲಿಫ್ಟಿನಲ್ಲಿ ಮೇಲೆ ಹೋದೆವು. ಹಳೆಯ ಮಾಡನ್ನು ದಾಟಿ ಹಡಗಿನ ಹೊಟ್ಟೆಗೆ ಹೋಗುವ ಮೊದಲು ಒಂದು ಬಯಲು ಸೇತುವೆ ಸಿಗುತ್ತದೆ. ಅಲ್ಲಿಂದ ಕೆಳಗೆ ಠಾಣೆಯ ಮಾಡು, ಮೇಲೆ ಹಡಗಿನ ತಳ, ದೂರಕ್ಕೆ ಒಂದು ಕಡೆ ಹಳೆಯ ಊರಿನ ಚರ್ಚಿನ ಶಿಖರ, ಇನ್ನೊಂದು ಕಡೆ ಕಣ್ಣು ಹೋದಷ್ಟೂ ಕ್ರೇನುಗಳು. ಗಾಳಿಗೆ ಸೆರಗು ನಿಲ್ಲಲಿಲ್ಲ. ಹೊರಗಿನಿಂದ ಮಿನುಗುತ್ತಿದ್ದ ತ್ರಿಕೋನಗಳಲ್ಲಿ ಕೆಲವು ಪಾರದರ್ಶಕ, ಕೆಲವು ಅಲ್ಲ. ಒಳಗೆ ಬಿಸಿಲೂ ಹೆಚ್ಚಾಗಬಾರದು, ನೋಟವೂ ಕೆಡಬಾರದು ಎಂದು ಹಾಗೆ ಬೆರೆಸಿದ್ದಾರೆ. ದಕ್ಷಿಣದ ತುದಿಯಲ್ಲಿ ಗಾಜುಗಳು ಚಪ್ಪಟೆಯಾಗಿದ್ದು, ಉತ್ತರಕ್ಕೆ ಹೋಗುತ್ತಾ ಹೋಗುತ್ತಾ ಸಾಣೆ ಹಿಡಿದ ಹರಳಿನ ಹಾಗೆ ಉಬ್ಬಿ ತಗ್ಗಿ ಮೂಡುತ್ತವೆ. ವಜ್ರದ ಊರಲ್ಲವೇ? ಆ ವ್ಯಾಪಾರದಲ್ಲಿ ಗುಜರಾತಿನ ಪಾಲನಪುರದ ಜೈನರದ್ದು ದೊಡ್ಡ ಕೈ, ಊರ ಹೊರಗೆ ಅಮೃತಶಿಲೆಯ ಬಸದಿಯನ್ನೂ ಕಟ್ಟಿಕೊಂಡಿದ್ದಾರೆ. ನಮ್ಮ ಅಜ್ಜಿಯ ಏಳು ಹರಳಿನ ಮೂಗುಬೊಟ್ಟು ದೀಪದ ಮುಂದೆ ಹೊಳೆಯುತ್ತಿದ್ದ ರೀತಿ ನೆನಪಾಯಿತು. ಹೀಗೆಲ್ಲ ಅನ್ನಿಸುವುದು ನನಗೆ ಆ ಕಟ್ಟಡದ ಬಗ್ಗೆ ಸೋತೆ ಎನ್ನುವುದಕ್ಕೆ ಗುರುತು, ಮಗಳಿಗೆ ಹೇಳಲಿಲ್ಲ.

ಇನ್ನೊಂದು ಲೆಕ್ಕವೂ ನನ್ನನ್ನು ತಬ್ಬಿಬ್ಬು ಮಾಡಿತು. ನೋಡುವ ಕಣ್ಣಿಗೆ ಮೇಲಿನದು ದೈತ್ಯ, ಕೆಳಗಿನದು ಕುಬ್ಜ. ಆದರೆ ಅಳತೆ ಹಿಡಿದರೆ ಹಳೆಯ ಠಾಣೆಯಲ್ಲಿ 6,600 ಚದರ ಮೀಟರ್ ಜಾಗವಿದೆ, ಹಡಗಿನಲ್ಲಿ 6,200. ದೊಡ್ಡದು ಇವತ್ತಿಗೂ ಹಳೆಯದೇ! ಕಟ್ಟಡವನ್ನು ಬೆಚ್ಚಗೆ ತಂಪಾಗಿ ಇಡಲು ಸುತ್ತ ನೂರಕ್ಕೂ ಹೆಚ್ಚು ಕಡೆ 80 ಮೀಟರ್ ಆಳಕ್ಕೆ ಕೊಳವೆ ಇಳಿಸಿ, ನೀರನ್ನು ಕೆಳಗೆ ಕಳಿಸಿ ಮೇಲೆ ತರುತ್ತಾರೆ. ಭೂಮಿಯ ಒಳಗಿನ ತಾಪ ಚಳಿಗಾಲಕ್ಕೂ ಬೇಸಿಗೆಗೂ ಹೆಚ್ಚು ಬದಲಾಗುವುದಿಲ್ಲವಲ್ಲ, ಅದೇ ಉಪಾಯ. ಬಾವಿಯ ನೀರು ಚಳಿಯಲ್ಲಿ ಬೆಚ್ಚಗೆ, ಸೆಕೆಯಲ್ಲಿ ತಣ್ಣಗೆ ಇರುವುದನ್ನು ಕಂಡ ನಮಗೆ ಇದು ಹೊಸ ವಿದ್ಯೆಯೇನಲ್ಲ.

ಕಟ್ಟಡ ತೆರೆದದ್ದು 2016ರ ಸೆಪ್ಟೆಂಬರಿನಲ್ಲಿ. ಅದೇ ವರ್ಷ ಮಾರ್ಚ್ 31ರಂದು ಜಹಾ ಹದೀದ್ ಅಮೆರಿಕದ ಮಯಾಮಿಯಲ್ಲಿ ಹೃದಯಾಘಾತದಿಂದ ತೀರಿಕೊಂಡಿದ್ದರು. ವಯಸ್ಸು 65. ಅವರ ಪಾಲುದಾರ ಪ್ಯಾಟ್ರಿಕ್ ಶೂಮಾಕರ್ ಮತ್ತು ಕಚೇರಿಯವರು ಉಳಿದ ಕೆಲಸ ಮುಗಿಸಿದರು. ಕಟ್ಟಡದ ಮುಂದಿನ ಚೌಕಕ್ಕೆ ಆಕೆಯ ಹೆಸರನ್ನೇ ಇಟ್ಟಿದ್ದಾರೆ, ಬಂದರಿನ ಕಚೇರಿಗೆ ಬರುವ ಕಾಗದಗಳ ಮೇಲೆಲ್ಲ ಆ ಹೆಸರು ಇರುತ್ತದೆ. ಆ ಹೆಸರಿನ ಫಲಕದ ಕೆಳಗೆ ಮಗಳು ನನ್ನದೊಂದು ಫೋಟೋ ತೆಗೆದಳು. ಕಟ್ಟಿದ್ದನ್ನು ನೋಡಲಾಗದೆ ಹೋದ ಹೆಂಗಸು, ಕೆಡವಿದ್ದನ್ನು ನೋಡಲಾರದೆ ತಂಗಿಯ ಮನೆಗೆ ಹೋದ ಹೆಂಗಸು, ಇಬ್ಬರೂ ಆ ಹೊತ್ತಿಗೆ ನನ್ನ ಮನಸ್ಸಿನಲ್ಲಿದ್ದರು.

ಊರಿಗೆ ಬಂದ ಮೇಲೆ ಫೋಟೋಗಳನ್ನು ಅತ್ತೆಗೆ ತೋರಿಸಿದೆ. ಅವರಿಗೀಗ ಎಂಬತ್ತಾರು. ಕನ್ನಡಕ ಸರಿಮಾಡಿಕೊಂಡು ಫೋನನ್ನು ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಬೆರಳಿನಿಂದ ಕೆಳಗಿನ ಕಟ್ಟಡವನ್ನು ಮುಟ್ಟಿ, "ಇದು ತೊಟ್ಟಿ ಮನೆ ಅಲ್ವೇನೇ?" ಎಂದರು. ನಾನು ಹೇಳಿಯೇ ಇರಲಿಲ್ಲ!

"ಹೌದತ್ತೆ."

"ಮೇಲೆ ಇಷ್ಟು ದೊಡ್ಡದು ಇಟ್ಟಿದಾರಲ್ಲ, ತೊಟ್ಟಿಗೆ ಬಿಸಿಲು ಬೀಳುತ್ತೇನೇ?"

"ಸ್ವಲ್ಪ ಬೀಳುತ್ತೆ. ಗಾಜು ಮುಚ್ಚಿದಾರೆ, ಬೆಳಕು ಬರುತ್ತೆ."

"ಮಳೆ?"

"ಮಳೆ ಬರಲ್ಲ ಅತ್ತೆ."

ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅಳುತ್ತಾರೇನೋ, ಆ ಮನೆಯ ಮಾತು ತೆಗೆಯುತ್ತಾರೇನೋ ಎಂದು. ಅವರು ಫೋನನ್ನು ನನ್ನ ಕೈಗೆ ವಾಪಸು ಕೊಟ್ಟು, "ಒಳ್ಳೇದೇ ಆಯ್ತು ಬಿಡು. ಆ ತೊಟ್ಟೀಲಿ ಮಳೆಗಾಲ ಬಂದರೆ ಎಷ್ಟು ಸಲ ಜಾರಿ ಬಿದ್ದಿದೀನೋ, ನನಗೇ ಗೊತ್ತು. ನಿಮ್ಮ ಮಾವನೋರಿಗೆ ಒಂದು ಶೀಟಾದರೂ ಹಾಕಿಸ್ರೀ ಅಂತ ಬಡ್ಕೊಂಡೆ, ಹಾಕಿಸಲೇ ಇಲ್ಲ" ಎಂದು, ಬುಟ್ಟಿಯಲ್ಲಿ ಉಳಿದಿದ್ದ ಕಾಕಡವನ್ನು ಕಟ್ಟತೊಡಗಿದರು.